ಯಂತ್ರದ ನೆನಪು, ಮನೆಯ ಗುರುತು

ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ಇಂದು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಕಪ್ಪು ತೆರೆಯ ಮೇಲೆ ಅವರು ಒಂದು ಕೀಲಿ ಒತ್ತಿದೊಡನೆ, ಹಿಂದೆಂದೋ ಬರೆದ ಉದ್ದನೆಯ ಆಜ್ಞೆ ತಾನಾಗಿ ಮೂಡಿಬರುವುದನ್ನು ನಾವು ಬೆರಗಿನಿಂದ ನೋಡುತ್ತೇವೆ. ಇದು ಯಂತ್ರದ ಹುಟ್ಟುಗುಣವೆಂದು ಭಾವಿಸುವುದು ಸಹಜ. ಆದರೆ ಈ ನೆನಪನ್ನು ಯಂತ್ರಕ್ಕೆ ಕಲಿಸಿದವರು ಮನುಷ್ಯರು.

ನಾವು ಬರೆದ ಆಜ್ಞೆಯನ್ನು ಓದಿ ಯಂತ್ರಕ್ಕೆ ಮುಟ್ಟಿಸುವ ಮಧ್ಯವರ್ತಿಗೆ ‘ಶೆಲ್’ ಎಂದು ಹೆಸರು. ತಿರುಳು ಒಳಗೆ, ಚಿಪ್ಪು ಹೊರಗೆ ಎಂಬ ಅರ್ಥದ ಹೆಸರಿದು. 1971ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯೊಡನೆ ಬಂದ ಕೆನ್ ಥಾಂಪ್ಸನ್ನರ ಶೆಲ್ಲಿಗೆ ಹಿಂದಿನ ಆಜ್ಞೆಯ ನೆನಪಿರಲಿಲ್ಲ. ಆಗ ಬಳಕೆಯಲ್ಲಿದ್ದುದು ಟೆಲಿಟೈಪ್. ಸೆಕೆಂಡಿಗೆ 10 ಅಕ್ಷರಗಳಂತೆ ಕಾಗದದ ಮೇಲೆ ಅಚ್ಚೊತ್ತುವ ಗದ್ದಲದ ಯಂತ್ರ. ಮಾಡಿದ ಕೆಲಸವೆಲ್ಲ ಕಾಗದದ ಸುರುಳಿಯಲ್ಲಿ ಉಳಿಯುತ್ತಿತ್ತು. ಆದರೆ ಅದೇ ಆಜ್ಞೆ ಮತ್ತೆ ಬೇಕಾದರೆ ಪ್ರತಿ ಅಕ್ಷರವನ್ನೂ ಹೊಸದಾಗಿ ಒತ್ತಬೇಕಿತ್ತು.

ಮುಂದೆ ಕಾಗದದ ಸ್ಥಾನಕ್ಕೆ ಗಾಜಿನ ತೆರೆ ಬಂದಿತು. ಗದ್ದಲ ಅಡಗಿತು, ಜೊತೆಗೆ ದಾಖಲೆಯೂ ಹೋಯಿತು. 24 ಸಾಲು ತುಂಬಿತೆಂದರೆ ಮೇಲಿನ ಸಾಲು ಕಣ್ಮರೆ. ಈ ಕೊರತೆಯನ್ನು ತುಂಬಿದವರಲ್ಲಿ ಮೊದಲಿಗರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ವಿದ್ಯಾರ್ಥಿಯಾಗಿದ್ದ ಬಿಲ್ ಜಾಯ್. 1970ರ ದಶಕದ ಕೊನೆಯಲ್ಲಿ ಅವರು ರಚಿಸಿದ ‘ಸಿ ಶೆಲ್’ ಆಜ್ಞೆಗಳನ್ನು ಸಂಖ್ಯೆ ಹಾಕಿ ನೆನಪಿಡುತ್ತಿತ್ತು. ಎರಡು ಆಶ್ಚರ್ಯಸೂಚಕ ಚಿಹ್ನೆ (!!) ಬರೆದರೆ ಸಾಕು, ಕಡೆಯ ಆಜ್ಞೆ ಮತ್ತೆ ನಡೆಯುತ್ತಿತ್ತು. ಒಂದು ಚಿಹ್ನೆಯ ಮುಂದೆ ಸಂಖ್ಯೆ ಬರೆದರೆ ಆ ಸಂಖ್ಯೆಯ ಆಜ್ಞೆ ನಡೆಯುತ್ತಿತ್ತು.

ಯಂತ್ರದೊಳಗೆ ಓಡಾಡುವುದಕ್ಕೂ ಅವರು ದಾರಿ ಸುಗಮ ಮಾಡಿದರು. ಕಡತಗಳನ್ನು ಇಡುವ ಡೈರೆಕ್ಟರಿಗಳೆಂದರೆ ಒಂದರೊಳಗೊಂದು ಇರುವ ಕೋಣೆಗಳಿದ್ದಂತೆ. ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಒಂದು ‘ಹೋಮ್’, ಅಂದರೆ ಮನೆ, ಇರುತ್ತದೆ. ಸಿ ಶೆಲ್ಲಿನಲ್ಲಿ ಆ ಮನೆಯ ಗುರುತು ಅಲೆಯಾಕಾರದ ಟಿಲ್ಡೆ (~). ಈ ಚಿಹ್ನೆಯೇ ಏಕೆ? ಜಾಯ್ ಬಳಸುತ್ತಿದ್ದ ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ‘ಹೋಮ್’ ಎಂಬ ಪದವೂ ಟಿಲ್ಡೆಯೂ ಒಂದೇ ಕೀಲಿಯ ಮೇಲೆ ಇದ್ದವು. ಕಾರಣ ಇಷ್ಟು ಸಣ್ಣದು.

ಅನಂತರ ಒಬ್ಬೊಬ್ಬರು ಒಂದೊಂದು ಸೌಕರ್ಯ ಸೇರಿಸಿದರು. ಕೆನ್ ಗ್ರೀರ್ ಅವರು ಟೆನೆಕ್ಸ್ ಎಂಬ ಹಳೆಯ ವ್ಯವಸ್ಥೆಯ ಮಾದರಿಯಲ್ಲಿ, ಅರ್ಧ ಬರೆದ ಕಡತದ ಹೆಸರನ್ನು ಯಂತ್ರವೇ ಪೂರ್ತಿ ಮಾಡುವಂತೆ ಮಾಡಿದರು. 1983ರಲ್ಲಿ ಹೊರಬಂದ ಡೇವಿಡ್ ಕಾರ್ನ್ ಅವರ ಶೆಲ್ಲಿನಲ್ಲಿ ಹಳೆಯ ಆಜ್ಞೆಯನ್ನು ಕರೆದು ತಿದ್ದಲು ಸಾಧ್ಯವಾಯಿತು. 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ‘ಬ್ಯಾಶ್’ ಈ ಅನುಕೂಲಗಳಲ್ಲಿ ಹೆಚ್ಚಿನವನ್ನು ಒಂದೆಡೆ ತಂದು ಎಲ್ಲರಿಗೂ ಮುಕ್ತವಾಗಿ ಒದಗಿಸಿತು.

ನೆನಪು ವರವೂ ಹೌದು, ಹೊರೆಯೂ ಹೌದು. ಆಜ್ಞೆಯ ಸಾಲಿನಲ್ಲಿ ಮೈಮರೆತು ಬರೆದ ಗುಟ್ಟಿನ ಪದವನ್ನೂ ಇಂದಿನ ಶೆಲ್ ತನ್ನ ಚರಿತ್ರೆಯ ಕಡತದಲ್ಲಿ ಬರೆದಿಡುತ್ತದೆ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬ ವಿವೇಕ ಮಾತ್ರ ಮನುಷ್ಯನದೇ.

ಎಡಿಎಂ-3ಎ ಇಂದು ವಸ್ತುಸಂಗ್ರಹಾಲಯ ಸೇರಿದೆ. ಅದರ ಕೀಲಿಯ ಮೇಲಿದ್ದ ಗುರುತು ಮಾತ್ರ ಇಂದಿಗೂ ಕೋಟ್ಯಂತರ ಯಂತ್ರಗಳಲ್ಲಿ ಮನೆಯೆಂದೇ ಅರ್ಥ ಕೊಡುತ್ತಿದೆ. ಊರು ಬಿಟ್ಟು ಬಂದ ನಮಗೆ ಇದು ಹೊಸ ಮಾತಲ್ಲ. ಹೊಲ ಕೈತಪ್ಪಿ, ಹಳೆಯ ಮನೆ ಬಿದ್ದುಹೋದ ಮೇಲೂ ಆ ಊರಿನ ಹೆಸರು ನಮ್ಮ ಹೆಸರಿನ ಹಿಂದೆ ಉಳಿದಿದೆ. ಅದು ಏಕೆ ಉಳಿಯಿತೆಂದು ಮಕ್ಕಳಿಗೆ ಹೇಳುವವರು ಬೇಕು. ಟಿಲ್ಡೆಯ ಕಥೆಯನ್ನು ಈ ಬಾರಿ ನಾವೇ ಅವರಿಗೆ ಹೇಳೋಣ. ಊರಿನ ಕಥೆಗೆ ಅದೇ ಪೀಠಿಕೆಯಾದೀತು.