ಗಾಯದ ಗುರುತು ಹೇಳುವ ಕಥೆ

ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬಕೆಟ್ ಬಣ್ಣಗೆಟ್ಟು, ಮುಟ್ಟಿದರೆ ಮುರಿಯುವಂತಾಗುವುದನ್ನು ನೀವು ನೋಡಿರಬಹುದು. ಸೂರ್ಯನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಕಡಿಯುವುದೇ ಇದಕ್ಕೆ ಕಾರಣ. ನಮಗೆ ಇದು ನಷ್ಟ. ಆದರೆ ವಿಜ್ಞಾನಿಗಳು ಇಂಥ ಹಾನಿಯನ್ನು ಅಕ್ಷರದಂತೆ ಓದಲು ಕಲಿತರು.

1958ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಡಿ. ಎ. ಯಂಗ್ ಎಂಬುವರು ಯುರೇನಿಯಂ ವಿದಳನದ ಚೂರುಗಳು ತಾಗಿದ ಲಿಥಿಯಂ ಫ್ಲೋರೈಡ್ ಹರಳನ್ನು ರಾಸಾಯನಿಕ ದ್ರಾವಣದಲ್ಲಿ ಅದ್ದಿದರು. ಚೂರುಗಳು ಹೊಕ್ಕಲ್ಲಿ ಪುಟ್ಟ ಕುಳಿಗಳು ಕಂಡವು. 1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಫ್ಲೈಶರ್, ಪ್ರೈಸ್ ಮತ್ತು ವಾಕರ್ ಈ ವಿಧಾನವನ್ನು ಅಭ್ರಕ, ಗಾಜು ಹಾಗೂ ಪ್ಲಾಸ್ಟಿಕ್‌ಗಳಲ್ಲಿ ಬೆಳೆಸಿದರು.

ಇದರ ತತ್ತ್ವ ಸರಳ. ವಿದ್ಯುದಾವೇಶವುಳ್ಳ ಭಾರವಾದ ಕಣ ಪ್ಲಾಸ್ಟಿಕ್ ಹಾಳೆಯನ್ನು ತೂರಿ ಹೋಗುವಾಗ ತನ್ನ ದಾರಿಯುದ್ದಕ್ಕೂ ಅಣುಬಂಧಗಳನ್ನು ಒಡೆಯುತ್ತದೆ. ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಹಾಳೆಯನ್ನಿಟ್ಟರೆ, ಹಾನಿಯಾದ ಭಾಗ ಉಳಿದ ಭಾಗಕ್ಕಿಂತ ಬೇಗ ಕರಗುತ್ತದೆ. ಆಗ ಮೂಡುವ ಶಂಕುವಿನಾಕಾರದ ಕುಳಿಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣಬಹುದು. ಕುಳಿಯ ಆಕಾರವೇ ಕಣದ ಜಾತಕ!

ಅಪೊಲೊ ಗಗನಯಾತ್ರಿಗಳ ಶಿರಸ್ತ್ರಾಣಗಳು ಲೆಕ್ಸಾನ್ ಎಂಬ ಪ್ಲಾಸ್ಟಿಕ್ಕಿನವು. ಯಾತ್ರೆಯ ನಂತರ ಅವುಗಳನ್ನೂ ಹೀಗೆ ಪರೀಕ್ಷಿಸಿದಾಗ ವಿಶ್ವಕಿರಣಗಳ ಗುರುತುಗಳು ದೊರೆತವು. ಯಾತ್ರಿಗಳ ತಲೆಯನ್ನೇ ಹೊಕ್ಕ ಭಾರ ಕಣಗಳ ಲೆಕ್ಕ ಹೀಗೆ ಸಿಕ್ಕಿತು.

ಆದರೆ ಗುರುತನ್ನು ಓದುವುದು ಸುಲಭವೆಂದು ಭಾವಿಸಬೇಡಿ. 1973ರಲ್ಲಿ ಅಮೆರಿಕದಲ್ಲಿ ಬಲೂನಿನ ಮೂಲಕ ಮೇಲಕ್ಕೆ ಹೋಗಿದ್ದ ಲೆಕ್ಸಾನ್ ಹಾಳೆಗಳ ಕಟ್ಟಿನಲ್ಲಿ ಒಂದು ವಿಚಿತ್ರ ಗುರುತಿತ್ತು. ಸಾಮಾನ್ಯ ಪರಮಾಣು ಬೀಜವಾದರೆ ವೇಗ ಕುಂದಿದಂತೆ ಹಾನಿ ಹೆಚ್ಚಬೇಕು. ಇಲ್ಲಿ ಹಾನಿ ಹಾಳೆಯಿಂದ ಹಾಳೆಗೆ ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಇದು ಒಂದೇ ಧ್ರುವವುಳ್ಳ ಕಾಂತಕಣವೆಂದು ಪ್ರೈಸ್ ಮತ್ತು ಸಂಗಡಿಗರು 1975ರಲ್ಲಿ ಘೋಷಿಸಿದರು. ಲೂಯಿಸ್ ಆಲ್ವರೆಜ್ ಒಪ್ಪಲಿಲ್ಲ. ಪ್ಲಾಟಿನಂ ಬೀಜವೊಂದು ದಾರಿಯಲ್ಲಿ ಎರಡು ಸಲ ಒಡೆದು ಹಗುರವಾದರೂ ಇಂಥದೇ ಗುರುತು ಬೀಳುವುದೆಂದು ಅವರು ತೋರಿಸಿದರು. ಮುಂದೆ ಪ್ರೈಸ್ ತಂಡವೇ ತನ್ನ ಘೋಷಣೆಯನ್ನು ಹಿಂತೆಗೆದುಕೊಂಡಿತು. ಗುರುತು ನಿಜವಾಗಿತ್ತು; ಅದಕ್ಕೆ ಕೊಟ್ಟ ಅರ್ಥ ನಿಲ್ಲಲಿಲ್ಲ.

ಕನ್ನಡಕದ ಮಸೂರಗಳಿಗೆ ಬಳಸುವ ಸಿಆರ್-39 ಪ್ಲಾಸ್ಟಿಕ್ ಇನ್ನೂ ಸೂಕ್ಷ್ಮವಾದುದೆಂದು 1978ರಲ್ಲಿ ತಿಳಿದುಬಂತು. 1985ರಲ್ಲಿ ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3ರಲ್ಲಿ ಹಾರಿದ ಭಾರತದ 'ಅನುರಾಧಾ' ಉಪಕರಣದಲ್ಲಿ ಇದ್ದುದು ಇದೇ ಹಾಳೆಗಳು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಅದರಲ್ಲಿ ಒಂದು ಕಟ್ಟು ಸ್ಥಿರವಾಗಿದ್ದರೆ, ಕೆಳಗಿನದು ನಿಧಾನವಾಗಿ ತಿರುಗುತ್ತಿತ್ತು. ಎರಡರ ಗುರುತುಗಳನ್ನು ಹೊಂದಿಸಿ ನೋಡಿದರೆ ಕಣ ಬಂದ ವೇಳೆಯೂ ತಿಳಿಯುತ್ತಿತ್ತು.

ಮನೆಗಳಲ್ಲಿನ ರೇಡಾನ್ ಅನಿಲವನ್ನು ಅಳೆಯಲು ಇಂದಿಗೂ ಇಂಥ ಹಾಳೆಗಳು ಬಳಕೆಯಲ್ಲಿವೆ. ಅವಕ್ಕೆ ವಿದ್ಯುತ್ತು ಬೇಡ, ತಂತಿ ಬೇಡ. ಬಿದ್ದ ಪೆಟ್ಟನ್ನು ನೆನಪಿಟ್ಟುಕೊಂಡರೆ ಸಾಕು. ಅದನ್ನು ಸರಿಯಾಗಿ ಓದುವ ಹೊಣೆ ನಮ್ಮದು.