ಚಿಮಣಿಯಿಂದ ಶ್ವಾಸಕೋಶಕ್ಕೆ: ಒಂದು ಲೆಕ್ಕದ ಚರಿತ್ರೆ

ಮಸಿಗೂ ಕ್ಯಾನ್ಸರಿಗೂ ನಂಟಿದೆ ಎಂದು 1775ರಲ್ಲಿ ಬರೆದಿಟ್ಟವನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್. ಹುಡುಗರಾಗಿದ್ದಾಗ ಚಿಮಣಿಯೊಳಗೆ ಇಳಿದು ಗುಡಿಸಿದವರಿಗೆ ಬೆಳೆದ ಮೇಲೆ ವೃಷಣದ ಚರ್ಮದಲ್ಲಿ ಹುಣ್ಣಾಗುವುದನ್ನು ಅವನು ಕಂಡಿದ್ದ. 1915ರ ಹೊತ್ತಿಗೆ ಜಪಾನಿನ ಯಾಮಗಿವ ಮತ್ತು ಇಚಿಕಾವ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರು ಬಳಿದು ಕ್ಯಾನ್ಸರ್ ಬರುವುದನ್ನು ತೋರಿಸಿದರು. 1933ರಲ್ಲಿ ಆ ಟಾರಿನಿಂದ ಬೆಂಜೋಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಲಾಯಿತು.

ಅಪರಾಧಿ ಸಿಕ್ಕಿದ್ದ. ಆದರೆ ಅಪರಾಧ ಎಷ್ಟು?

ಚಿಮಣಿ ಹುಡುಗರ ಮೈಗೆ ಮಸಿ ಮೆತ್ತಿರುತ್ತಿತ್ತು. ವಿದ್ಯುತ್ ಸ್ಥಾವರದ ಕಥೆ ಹಾಗಲ್ಲ. ಎತ್ತರದ ಚಿಮಣಿಯಿಂದ ಹೊರಟ ಗಂಧಕದ ಡೈಆಕ್ಸೈಡ್ ನೂರಾರು ಕಿಲೋಮೀಟರ್ ಸಾಗುತ್ತಾ ಸಲ್ಫೇಟ್ ಕಣಗಳಾಗಿ ಬದಲಾಗುತ್ತದೆ. ವಾಹನದ, ಒಲೆಯ ಹೊಗೆಯೊಡನೆ ಬೆರೆಯುತ್ತದೆ. ರೋಗಿ ಇರುವುದು ಪಕ್ಕದ ರಾಜ್ಯದಲ್ಲಿ; ಅವನು ಬೀಡಿಯನ್ನೂ ಸೇದಿರಬಹುದು. ಇಂಥ ಗೆಡ್ಡೆಗೆ ಇದೇ ಕಾರಣವೆಂದು ಯಾವ ವೈದ್ಯರೂ ಹೇಳಲಾರರು.

ಆದ್ದರಿಂದ ವಿಜ್ಞಾನಿಗಳು ಒಬ್ಬ ರೋಗಿಯನ್ನು ಬಿಟ್ಟು ಊರುಗಳನ್ನೇ ಹೋಲಿಸಿದರು. ಹಾರ್ವರ್ಡಿನ ತಂಡ ಅಮೆರಿಕದ ಆರು ಊರುಗಳ 8,111 ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿತು. ಧೂಮಪಾನದಂಥ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಅತಿ ಮಲಿನ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುಭ್ರ ಊರಿಗಿಂತ ಶೇ. 26 ಹೆಚ್ಚು ಎಂದು 1993ರಲ್ಲಿ ಪ್ರಕಟಿಸಿತು. ಉದ್ಯಮಗಳು ಅನುಮಾನಿಸಿದವು. ಬೇರೊಂದು ತಂಡ ಮೂಲ ಮಾಹಿತಿಯನ್ನೇ ತರಿಸಿ ಮತ್ತೆ ಲೆಕ್ಕ ಹಾಕಿತು. 2000ದಲ್ಲಿ ಬಂದ ಉತ್ತರವೂ ಹೆಚ್ಚುಕಡಿಮೆ ಅದೇ. ಸುಮಾರು 5 ಲಕ್ಷ ಜನರ ಇನ್ನೊಂದು ಅಧ್ಯಯನ 2002ರಲ್ಲಿ ಕ್ಯಾನ್ಸರಿನ ಅಂಕಿಯನ್ನೂ ಕೊಟ್ಟಿತು: ಗಾಳಿಯ ಪ್ರತಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಸೂಕ್ಷ್ಮ ಕಣ ಹೆಚ್ಚಿದರೆ ಶ್ವಾಸಕೋಶ ಕ್ಯಾನ್ಸರಿನ ಸಾವು ಸುಮಾರು ಶೇ. 8 ಹೆಚ್ಚುತ್ತದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊರಗಾಳಿಯ ಮಾಲಿನ್ಯವನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು.

ಶೇ. 8 ಸಣ್ಣದೆನಿಸಬಹುದು. ಸಾವಿರದಲ್ಲಿ ಹತ್ತು ಮಂದಿ ಈ ರೋಗದಿಂದ ಸಾಯುವ ಊರಿದೆ ಎನ್ನಿ. ಅಲ್ಲಿ ಹತ್ತು ಹತ್ತೂ ಮುಕ್ಕಾಲರಷ್ಟಾಗುತ್ತದೆ. ಒಬ್ಬನಿಗೆ ಅದು ತಿಳಿಯುವುದೇ ಇಲ್ಲ. ಆದರೆ ಊರಿನ ಜನಸಂಖ್ಯೆ 10 ಲಕ್ಷವಾದರೆ 10,000 ಸಾವು 10,800 ಆಗುತ್ತದೆ. ಆ 800 ಮಂದಿ ಯಾರೆಂದು ಹೇಳಲಾಗದು. ಅವರು ಇಲ್ಲ ಎನ್ನಲೂ ಆಗದು. ಸ್ಥಾವರ ಸೇರಿಸಿದ ಕಣ, ಕಣಕ್ಕಿಷ್ಟೆಂಬ ಅಪಾಯ, ಉಸಿರಾಡುವ ಜನ: ಮೂರನ್ನೂ ಗುಣಿಸುವುದೇ ಇಂದಿನ ವಿಧಾನ.

2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಹಿರಿಯ ನಾಗರಿಕರಲ್ಲಿ ಕಲ್ಲಿದ್ದಲು ಸ್ಥಾವರಗಳ ಕಣಗಳಿಂದಾದ ಸಾವುಗಳನ್ನು, ಎಲ್ಲ ರೋಗಗಳೂ ಸೇರಿ, ಅಂದಾಜಿಸಿತು. 1999ರಿಂದ 2007ರವರೆಗೆ ವರ್ಷಕ್ಕೆ ಸರಾಸರಿ 43,000. ಗಂಧಕ ತೊಳೆಯುವ ಯಂತ್ರಗಳು ಬಂದು, ಹಳೆಯ ಸ್ಥಾವರಗಳು ಮುಚ್ಚಿದ ಮೇಲೆ, 2020ರಲ್ಲಿ 1,600.

ಭಾರತ 2015ರ ಡಿಸೆಂಬರಿನಲ್ಲಿ ಸ್ಥಾವರಗಳಿಗೆ ಗಂಧಕದ ಮಿತಿ ಹೇರಿ ಎರಡು ವರ್ಷದ ಗಡುವು ಕೊಟ್ಟಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ಖರ್ಚು ಹೆಚ್ಚು ಎಂಬುದು ಒಂದು ವಾದ. 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ವಿನಾಯಿತಿಯೇ ಸಿಕ್ಕಿತು. ಯಂತ್ರದ ಖರ್ಚಿಗೆ ಬಿಲ್ಲಿದೆ. ಹೆಸರಿಲ್ಲದ ಸಾವಿಗೆ ಇರುವುದು ಈ ಲೆಕ್ಕ ಮಾತ್ರ.