ಹಗಲಿಗೊಂದು ಬೇಟೆ, ಇರುಳಿಗೊಂದು

ಅಮೆರಿಕದ ಅಪಲೇಷಿಯನ್ ಬೆಟ್ಟಗಳಲ್ಲಿ ನೆಲೆಸಿದ ಬಡ ಒಕ್ಕಲುಗಳಿಗೆ ಒಂದೇ ನಾಯಿ ಹಲವು ಕೆಲಸಗಳಿಗೆ ಒದಗಬೇಕಾಗಿದ್ದಿತು. ಅಂತಹ ತಳಿಯೇ ‘ಮೌಂಟನ್ ಕರ್’. ಅಲ್ಲಿಯ ಅಳಿಲು ನಾವು ಬಲ್ಲ ಮೂರು ಗೆರೆಯ ಅಳಿಲಿಗಿಂತ ದೊಡ್ಡದು, ಹಗಲಿನಲ್ಲಿ ಸಂಚರಿಸುವುದು. ಕಣ್ಣ ಸುತ್ತ ಕಪ್ಪುಪಟ್ಟಿಯುಳ್ಳ ರಕೂನು ನಿಶಾಚರಿ. ಅಳಿಲಿನ ಮಾಂಸ ಮನೆಯ ಗಡಿಗೆಗೆ; ರಕೂನಿನ ತೊಗಲು ಕೈಗಾಸಿಗೆ. ಹಗಲು ಕಣ್ಣು ಕಿವಿಗಳಿಂದ, ಇರುಳು ಮೂಗಿನಿಂದ ಅರಸಿ, ಪ್ರಾಣಿ ಏರಿದ ಮರದ ಬುಡದಲ್ಲಿ ನಿಂತು ಬೊಗಳುವುದೇ ಅದರ ವಿದ್ಯೆ. ಸರಿಯಾದ ಮರಕ್ಕೆ ಮೆಚ್ಚುಗೆ, ಜಿಂಕೆಯ ಜಾಡಿಗೆ ತಡೆ—ಇದೇ ಪಾಠಕ್ರಮ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನರು ಬೆಟ್ಟವನ್ನು ತೊರೆದು ಕಾರ್ಖಾನೆಗಳಿಗೆ ಹೋಗಲು, ಈ ತಳಿ ವಿರಳವಾಯಿತು. 1957ರಲ್ಲಿ ಕೆಲವರು ಸಂಘ ಕಟ್ಟಿ ಅದನ್ನುಳಿಸಿದರು. ಬಳಸುವವರು ಚದುರಿದರೆ ವಿದ್ಯೆಯೂ ಚದುರುವುದು, ಕೂಡಿದರೆ ಉಳಿಯುವುದು. ಇದನ್ನು ನಾವು ಮರೆಯಲಾಗದು.